‘ಕ್ಯಾಪ್ರಿಕಾ’ ಮೊದಲ ಎಪಿಸೋಡ್: 300 ಎಂಬಿಯಲ್ಲಿ ಒಬ್ಬ ಮನುಷ್ಯ ಹಿಡಿಸ್ತಾನಾ?

  ಈ ವಾರದ ಮಾತಿನ ಬರಹ ರೂಪ ಇದು. ಮಾತಾಡುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ, ಲೆಕ್ಕಗಳನ್ನು ಮತ್ತೊಮ್ಮೆ ಮಾಡಿ ನೋಡಿ ಹಾಕಿದ್ದೇನೆ.

ಇವತ್ತಿನ ವಿಷಯ ‘ಕ್ಯಾಪ್ರಿಕಾ’ ಅನ್ನೋ ಅಮೆರಿಕದ ಸೈನ್ಸ್ ಫಿಕ್ಷನ್ ಸರಣಿಯ ಮೊದಲ ಎಪಿಸೋಡ್. ಹಳೆಯದು. 2009ರ ಏಪ್ರಿಲ್‌ನಲ್ಲಿ ಡಿವಿಡಿಯಾಗಿ ಬಂತು, 2010ರ ಜನವರಿ 22ಕ್ಕೆ ಸೈಫೈ ಚಾನೆಲ್‌ನಲ್ಲಿ ಪ್ರಸಾರವಾಯಿತು. ಸರಣಿ ಒಂದೇ ಸೀಸನ್ ಓಡಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾನೆಲ್ ನಿಲ್ಲಿಸಿಬಿಟ್ಟಿತು. ಹಾಗಾದರೆ ಈಗ ಯಾಕೆ? ಯಾಕಂದರೆ ಆ ಒಂದೂವರೆ ಗಂಟೆಯ ಎಪಿಸೋಡ್‌ನಲ್ಲಿ ಒಬ್ಬ ಅಪ್ಪ ಮಾಡಿದ ಕೆಲಸವನ್ನು ಕಳೆದ ವರ್ಷ ನಾನೂ ಮಾಡಲು ಹೋದೆ. ಅವನ ಹತ್ತಿರ ದೊಡ್ಡ ಕಂಪನಿ ಇತ್ತು. ನನ್ನ ಹತ್ತಿರ ಇದ್ದದ್ದು ಬಾಡಿಗೆಗೆ ತಗೊಂಡ ಒಂದು ಜಿಪಿಯು, ಎರಡು ವೀಕೆಂಡ್.

ಒಂದು ಎಚ್ಚರಿಕೆ: ಮೊದಲ ಎಪಿಸೋಡ್‌ನ ಕಥೆ ಪೂರ್ತಿ ಹೇಳ್ತೀನಿ. ನೋಡೋ ಮನಸ್ಸಿದ್ದರೆ ನೋಡಿಕೊಂಡು ಬನ್ನಿ, ಈ ಬರಹ ಎಲ್ಲಿಗೂ ಹೋಗಲ್ಲ.

ಪ್ರೀಕ್ವೆಲ್ ಅಂದರೆ ಏನು ಮಜಾ?

‘ಕಾಂತಾರ ಚಾಪ್ಟರ್ 1’ ನೋಡಿದವರಿಗೆ ಪ್ರೀಕ್ವೆಲ್ ಅಂದರೆ ಏನಂತ ಹೇಳಬೇಕಾಗಿಲ್ಲ. 2022ರಲ್ಲಿ ಬಂದ ಕಥೆಗೂ ಹಿಂದಿನ ಕಥೆ 2025ರಲ್ಲಿ ಬಂತು. ಆದರೆ ಪ್ರೀಕ್ವೆಲ್‌ಗೆ ಒಂದು ಕಷ್ಟ ಇದೆ. ಕೊನೆಗೆ ಏನಾಗುತ್ತೆ ಅಂತ ನೋಡುವವನಿಗೆ ಮೊದಲೇ ಗೊತ್ತು. ನಮಗೆ ಇದು ಹೊಸದೇನಲ್ಲ. ಯಕ್ಷಗಾನ, ದೊಡ್ಡಾಟ ನೋಡುವವರು ಯಾರೂ ಕರ್ಣ ಬದುಕ್ತಾನಾ ಸಾಯ್ತಾನಾ ಅಂತ ತಿಳಿಯೋಕೆ ರಾತ್ರಿಯೆಲ್ಲಾ ಕೂರಲ್ಲ. ಅವನು ಯಾವ ಹಂತದಲ್ಲಿ ಬೇರೆ ದಾರಿ ಹಿಡಿಯಬಹುದಿತ್ತು, ಯಾಕೆ ಹಿಡಿಯಲಿಲ್ಲ ಅಂತ ನೋಡೋಕೆ ಕೂರ್ತಾರೆ.

ಕ್ಯಾಪ್ರಿಕಾದ ‘ಮುಂದಿನ ಕಥೆ’ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ. 1978ರ ಹಳೆಯ ಸೀರಿಯಲ್ಲನ್ನು ರೊನಾಲ್ಡ್ ಡಿ. ಮೂರ್ 2003ರಿಂದ ಹೊಸದಾಗಿ ಮಾಡಿದರು, ಅದು 2009ರವರೆಗೆ ಓಡಿತು. ಅದರಲ್ಲಿ ಮನುಷ್ಯರು ಹನ್ನೆರಡು ಲೋಕಗಳಲ್ಲಿ ಇರ್ತಾರೆ. ಅವರೇ ಮಾಡಿದ ಸೈಲಾನ್ ಅನ್ನೋ ಯಂತ್ರಗಳು ತಿರುಗಿಬಿದ್ದು ಕೋಟ್ಯಂತರ ಜನರನ್ನು ಕೊಲ್ತವೆ. ಉಳಿದ ಸುಮಾರು ಐವತ್ತು ಸಾವಿರ ಜನ ಹಡಗುಗಳಲ್ಲಿ ಓಡಿಹೋಗ್ತಾರೆ, ಅವರ ಸೇನಾಪತಿ ವಿಲಿಯಂ ಅಡಾಮಾ. ಕ್ಯಾಪ್ರಿಕಾ ನಡೆಯೋದು ಆ ವಿನಾಶಕ್ಕೆ 58 ವರ್ಷ ಮೊದಲು. ಅಂದರೆ ನಾವು ನೋಡೋದು ಮೊದಲ ಸೈಲಾನ್ ಹೇಗೆ ಹುಟ್ಟಿತು ಅಂತ.

ನಮ್ಮವರಿಗೆ ಇದರಲ್ಲಿ ಎರಡು ತಮಾಷೆಯ ಸಂಗತಿ ಇವೆ. ಒಂದು, ಆ ಹನ್ನೆರಡು ಲೋಕಗಳ ಹೆಸರು ನಮ್ಮ ಪಂಚಾಂಗದ ಹನ್ನೆರಡು ರಾಶಿಗಳು. ಕ್ಯಾಪ್ರಿಕಾ ಅಂದರೆ ಮಕರ, ಟಾರಾನ್ ವೃಷಭ, ಜೆಮಿನಾನ್ ಮಿಥುನ, ಸ್ಯಾಜಿಟೇರಾನ್ ಧನು. ಎರಡು, ಹೊಸ ಗ್ಯಾಲಕ್ಟಿಕಾದ ಶೀರ್ಷಿಕೆ ಸಂಗೀತವನ್ನು ಗಮನವಿಟ್ಟು ಕೇಳಿ, ಅದರಲ್ಲಿ ಹಾಡೋದು ಗಾಯತ್ರಿ ಮಂತ್ರ. ಮೊದಲ ಸಲ ಹೆಡ್‌ಫೋನಿನಲ್ಲಿ ಕೇಳಿದಾಗ ಪಕ್ಕದ ಮನೆಯಲ್ಲಿ ಉಪನಯನ ಇದೆಯೇನೋ ಅಂದುಕೊಂಡಿದ್ದೆ.

ಎರಡು ಅಪ್ಪಂದಿರು, ಒಂದು ರೈಲು

ಈಗ ಕಥೆ. ಡೇನಿಯಲ್ ಗ್ರೇಸ್ಟೋನ್ ಕ್ಯಾಪ್ರಿಕಾದ ದೊಡ್ಡ ಟೆಕ್ ಉದ್ಯಮಿ. ಹೋಲೋಬ್ಯಾಂಡ್ ಅಂತ ಕಣ್ಣಿಗೆ ಹಾಕೋ ಪಟ್ಟಿ ಕಂಡುಹಿಡಿದವನು, ಹಾಕಿಕೊಂಡರೆ ವರ್ಚುವಲ್ ಲೋಕದೊಳಗೆ ಇರ್ತೀರಿ. ಅವನ ಮಗಳು ಜೋಯಿ, ಹದಿಹರೆಯದ ಹುಡುಗಿ, ಅಪ್ಪನಿಗಿಂತ ಒಳ್ಳೆಯ ಪ್ರೋಗ್ರಾಮರ್. ಆ ಲೋಕದ ಜನ ಹಲವು ದೇವರನ್ನು ಪೂಜಿಸ್ತಾರೆ. ಜೋಯಿ ಮತ್ತು ಅವಳ ಗೆಳೆಯ ಬೆನ್ ಒಬ್ಬನೇ ದೇವರು ಅನ್ನೋ ಗುಪ್ತ ಗುಂಪಿಗೆ ಸೇರಿದ್ದಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಅಮ್ಮನ ಜೊತೆ ಜಗಳ ಆಡಿ, ಜೆಮಿನಾನ್‌ಗೆ ಓಡಿಹೋಗೋಣ ಅಂತ ರೈಲು ಹತ್ತುತ್ತಾಳೆ. ಗೆಳತಿ ಲೇಸಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿಯುತ್ತಾಳೆ. ರೈಲು ಹೊರಟ ಮೇಲೆ ಬೆನ್ ತನ್ನ ಮೈಗೆ ಕಟ್ಟಿಕೊಂಡಿದ್ದ ಬಾಂಬ್ ಸಿಡಿಸ್ತಾನೆ.

ಅದೇ ರೈಲಿನಲ್ಲಿ ಜೋಸೆಫ್ ಆಡಮ್ಸ್ ಅನ್ನೋ ವಕೀಲನ ಹೆಂಡತಿ, ಮಗಳು ಟಮಾರಾ ಇದ್ದರು. ಇವನು ಟಾರಾನ್‌ನಿಂದ ವಲಸೆ ಬಂದವನು. ಕ್ಯಾಪ್ರಿಕಾದವರು ಟಾರಾನ್‌ನವರನ್ನು ‘ಮಣ್ಣು ತಿನ್ನೋರು’ ಅಂತ ಹೀಯಾಳಿಸ್ತಾರೆ. ಅವನಿಗೆ ಉಳಿದಿರೋದು ಹನ್ನೊಂದು ವರ್ಷದ ಮಗ ವಿಲಿಯಂ.

ಈ ರೈಲಿನ ದೃಶ್ಯವನ್ನು ಬೇರೆ ಊರಿನವರು ನೋಡಿದ ಹಾಗೆ ನಾವು ನೋಡೋಕಾಗಲ್ಲ. 2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷದೊಳಗೆ ಏಳು ಬಾಂಬ್ ಸಿಡಿದವು. ಅದಕ್ಕೂ ಮುಂಚೆ 2003ರ ಮಾರ್ಚ್ 13ಕ್ಕೆ ನಮ್ಮದೇ ಸೆಂಟ್ರಲ್ ಲೈನಿನಲ್ಲಿ, ಮುಲುಂಡ್‌ನಲ್ಲಿ, ಕರ್ಜತ್ ಕಡೆ ಬರುತ್ತಿದ್ದ ಗಾಡಿಯಲ್ಲಿ ಸ್ಫೋಟವಾಗಿತ್ತು. ನಾನು ಇಲ್ಲಿಗೆ ಬಂದದ್ದು 2014ರಲ್ಲಿ, ನನಗೆ ಇದೆಲ್ಲಾ ಕೇಳಿದ ಕಥೆ. ಆದರೆ ನಮ್ಮ ಸೊಸೈಟಿಯ ಹಿರಿಯರ ಜೊತೆ ಕೂತರೆ, ಆ ದಿನ ಯಾರು ಎಷ್ಟು ಗಂಟೆಗೆ ಮನೆ ಮುಟ್ಟಿದರು ಅನ್ನೋದು ಇವತ್ತಿಗೂ ನಿಮಿಷದ ಲೆಕ್ಕದಲ್ಲಿ ಬರುತ್ತೆ. ಎಪಿಸೋಡ್ ನಿಜವಾಗಿ ಶುರುವಾಗೋದು ಅಲ್ಲಿ, ಮನೆ ಮುಟ್ಟದೇ ಇದ್ದವರ ಮನೆಯಲ್ಲಿ.

ದುಃಖದಲ್ಲಿರೋ ಡೇನಿಯಲ್ ಮಗಳ ಕೋಣೆಯಲ್ಲಿ ಹೋಲೋಬ್ಯಾಂಡ್ ಹಾಕಿಕೊಂಡು ಒಳಗೆ ಹೋಗ್ತಾನೆ. ಅಲ್ಲಿ ಜೋಯಿ ನಿಂತಿದ್ದಾಳೆ. ಸಾಯೋ ಮೊದಲು ಜೋಯಿ ತನ್ನದೇ ಒಂದು ನಕಲನ್ನು ಬರೆದಿಟ್ಟಿದ್ದಳು. ಅದಕ್ಕೆ ಜೋಯಿಯ ನೆನಪು, ಮಾತು, ಸಿಟ್ಟು ಎಲ್ಲಾ ಇದೆ, ಅಪ್ಪನನ್ನು ನೋಡಿದರೆ ಬರೋ ಬೇಜಾರೂ ಇದೆ.

300 ಎಂಬಿ ಲೆಕ್ಕ

ಇಲ್ಲಿ ನಮ್ಮಂಥವರು ಪಾಸ್ ಒತ್ತಿ ಕೂರಬೇಕು. ನಕಲು ಜೋಯಿ ಅಪ್ಪನಿಗೆ ತನ್ನನ್ನು ಹೇಗೆ ಕಟ್ಟಿದ್ದು ಅಂತ ವಿವರಿಸ್ತಾಳೆ. ಅವಳ ಮಾತಿನ ಸಾರ ಇಷ್ಟು: ಮನುಷ್ಯನ ಮೆದುಳಿನಲ್ಲಿರೋ ಮಾಹಿತಿ ಸುಮಾರು 300 ಮೆಗಾಬೈಟ್, ಕಷ್ಟ ಇರೋದು ಅದನ್ನು ಇಟ್ಟುಕೊಳ್ಳೋದರಲ್ಲಿ ಅಲ್ಲ, ಹೊರಗೆ ತೆಗೆಯೋದರಲ್ಲಿ. ಮೆದುಳಿನಿಂದ ತೆಗೆಯೋಕೆ ಆಗಲ್ಲ, ಆದರೆ ಮನುಷ್ಯ ಎಲ್ಲಾ ಕಡೆ ಗುರುತು ಬಿಟ್ಟುಹೋಗ್ತಾನೆ. ಆಸ್ಪತ್ರೆ ಸ್ಕ್ಯಾನ್, ಶಾಲೆಯ ಅಂಕ, ಇಮೇಲ್, ಅಂಗಡಿ ಬಿಲ್ಲು, ಸಿಸಿಟಿವಿ, ಸಿನಿಮಾ ಟಿಕೆಟ್, ಹಾಡಿನ ಪಟ್ಟಿ. ಇದನ್ನೆಲ್ಲಾ ಸೇರಿಸಿದರೆ ಮನುಷ್ಯ ವಾಪಸ್ ಸಿಗ್ತಾನೆ.

ಮೊದಲು ಆ ಸಂಖ್ಯೆ ನೋಡೋಣ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್ ಇವೆ. ಅವುಗಳ ನಡುವಿನ ಜೋಡಣೆಗಳು, ಅಂದರೆ ಸಿನಾಪ್ಸ್‌ಗಳು, ಅಂದಾಜು ನೂರು ಲಕ್ಷ ಕೋಟಿ. ಒಂದು ಜೋಡಣೆಗೆ ಒಂದೇ ಬೈಟ್ ಅಂತ ಜಿಪುಣತನದಿಂದ ಹಿಡಿದರೂ 100 ಟೆರಾಬೈಟ್ ಆಯಿತು. 300 ಎಂಬಿಗೆ ಹೋಲಿಸಿದರೆ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಹಾಗಾಗಿ ಮೆದುಳಿನ ನಕಲು ಅಂತಾದರೆ ಈ ಲೆಕ್ಕ ಸುಳ್ಳು.

ಈಗ ಇನ್ನೊಂದು ಕಡೆಯಿಂದ ನೋಡಿ. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಅಪ್ಪ’ ಅಂತ ಬರೆದರೆ ಅ, ಪ, ಹಲಂತದ ಚಿಹ್ನೆ, ಮತ್ತೊಂದು ಪ, ಒಟ್ಟು ನಾಲ್ಕು ಚಿಹ್ನೆ, 12 ಬೈಟ್. 300 ಎಂಬಿ ಅಂದರೆ 10 ಕೋಟಿ ಚಿಹ್ನೆ. ದಿನಕ್ಕೆ ಸಾವಿರ ಚಿಹ್ನೆ ಟೈಪ್ ಮಾಡ್ತೀರಿ ಅಂದುಕೊಂಡರೂ 300 ಎಂಬಿ ತುಂಬೋಕೆ 270 ವರ್ಷಕ್ಕಿಂತ ಜಾಸ್ತಿ ಬೇಕು. ಅಂದರೆ ಒಬ್ಬ ಮನುಷ್ಯ ಹೊರಗೆ ಬರೆದಿಡೋದಕ್ಕೆ 300 ಎಂಬಿ ಧಾರಾಳ, ಅವನ ಒಳಗೆ ಇರೋದಕ್ಕೆ ಏನೇನೂ ಸಾಲದು. ಜೋಯಿಯ ಪ್ರೋಗ್ರಾಂ ಮಾಡ್ತಿರೋದು ಮೆದುಳಿನ ಬ್ಯಾಕಪ್ ಅಲ್ಲ. ಇಷ್ಟು ಗುರುತು ಬಿಟ್ಟವನು ಈ ಪ್ರಶ್ನೆಗೆ ಏನಂತ ಉತ್ತರ ಕೊಟ್ಟಾನು ಅಂತ ಊಹಿಸೋದು.

ಇದು ನಿಮಗೆ ಎಲ್ಲೋ ಕೇಳಿದ ಹಾಗಿದೆಯಲ್ಲಾ? ಇವತ್ತಿನ ದೊಡ್ಡ ಭಾಷಾ ಮಾಡೆಲ್‌ಗಳು ಮಾಡೋದೂ ಇದೇ, ಮುಂದೆ ಬರಬಹುದಾದ ಪದವನ್ನು ಊಹಿಸೋದು. ಒಬ್ಬ ವ್ಯಕ್ತಿಯ ಮೆಸೇಜುಗಳನ್ನು ಅದಕ್ಕೆ ಕೊಟ್ಟರೆ ಅವನ ಧಾಟಿ ಹಿಡಿಯುತ್ತೆ. ದನಿಯ ಮಾಡೆಲ್‌ಗೆ ಕೆಲವು ನಿಮಿಷದ ಆಡಿಯೋ ಕೊಟ್ಟರೆ ಕಂಠ ಹಿಡಿಯುತ್ತೆ. 2020ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ಗೆ ಒಂದು ಪೇಟೆಂಟ್ ಸಿಕ್ಕಿತು: ನಿರ್ದಿಷ್ಟ ವ್ಯಕ್ತಿಯ ಮೆಸೇಜು, ಫೋಟೋ, ದನಿ ಬಳಸಿ ಅವನಂತೆ ಮಾತಾಡೋ ಚಾಟ್‌ಬಾಟ್ ಕಟ್ಟೋದು. ಅದೇ ವರ್ಷ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ಚಾನೆಲ್ ಒಬ್ಬ ತಾಯಿಗೆ ತೀರಿಹೋದ ಏಳು ವರ್ಷದ ಮಗಳನ್ನು ವರ್ಚುವಲ್ ರಿಯಾಲಿಟಿಯಲ್ಲಿ ತೋರಿಸಿತು. 2009ರಲ್ಲಿ ಬಂದ ಕಥೆಯಲ್ಲಿದ್ದ ಹೋಲೋಬ್ಯಾಂಡ್ ಹನ್ನೊಂದೇ ವರ್ಷಕ್ಕೆ ಟಿವಿಗೆ ಬಂತು.

ಟಮಾರಾಳ ಎದೆ

ಡೇನಿಯಲ್‌ಗೆ ವರ್ಚುವಲ್ ಲೋಕದ ಮಗಳು ಸಾಲಲ್ಲ, ಮೈ ಇರೋ ಮಗಳು ಬೇಕು. ಅವನ ಕಂಪನಿ ಸೈನ್ಯಕ್ಕಾಗಿ ರೋಬೋ ಮಾಡ್ತಿದೆ. ಅದಕ್ಕೆ ಬೇಕಾದ ಒಂದು ಪ್ರೊಸೆಸರ್ ಪೈಪೋಟಿಯ ಕಂಪನಿಯ ಹತ್ತಿರ ಇದೆ. ಜೋಸೆಫ್‌ಗೆ ಟಾರಾನ್‌ನ ಮಾಫಿಯಾ ಸಂಬಂಧ ಇದೆ. ಕದ್ದು ಕೊಡು, ನಿನ್ನ ಮಗಳನ್ನೂ ತಂದುಕೊಡ್ತೀನಿ ಅಂತಾನೆ ಡೇನಿಯಲ್. ನಕಲಿಗೂ ಅಸಲಿಗೂ ವ್ಯತ್ಯಾಸ ಕಾಣದಿದ್ದರೆ ವ್ಯತ್ಯಾಸ ಇಲ್ಲ ಅಂತಲೇ ಅರ್ಥ ಅನ್ನೋದು ಅವನ ವಾದ. ಎಂಜಿನಿಯರ್‌ನ ವಾದ. ಟೆಸ್ಟ್ ಎಲ್ಲಾ ಪಾಸಾದರೆ ರಿಲೀಸ್.

ಜೋಸೆಫ್ ಹೋಲೋಬ್ಯಾಂಡ್ ಹಾಕಿಕೊಂಡು ಟಮಾರಾಳನ್ನು ನೋಡ್ತಾನೆ, ತಬ್ಬಿಕೊಳ್ತಾನೆ. ಆಮೇಲೆ ಅವಳು ಎದೆ ಮೇಲೆ ಕೈ ಇಟ್ಟು ಹೆದರಿ ಕೂಗೋಕೆ ಶುರು ಮಾಡ್ತಾಳೆ. ಎದೆಬಡಿತ ಇಲ್ಲ. ತನಗೆ ಏನಾಗಿದೆ ಅಂತ ಅವಳಿಗೆ ಗೊತ್ತಿಲ್ಲ. ಜೋಸೆಫ್ ತಡೆಯಲಾರದೆ ಹೊರಗೆ ಬಂದುಬಿಡ್ತಾನೆ.

ಜೋಯಿಗೂ ಟಮಾರಾಗೂ ಇರೋ ವ್ಯತ್ಯಾಸ ಗಮನಿಸಿ. ಜೋಯಿ ತನ್ನ ನಕಲನ್ನು ತಾನೇ ಕಟ್ಟಿದವಳು. ಏನು ಹಾಕಬೇಕು ಅಂತ ಗೊತ್ತಿತ್ತು, ತಾನು ನಕಲು ಅನ್ನೋದು ನಕಲಿಗೂ ಗೊತ್ತಿತ್ತು. ಟಮಾರಾಳನ್ನು ಕಟ್ಟಿದ್ದು ಅವಳನ್ನು ಒಂದು ಸಲವೂ ಕಾಣದ ಗಂಡಸು, ಸಿಕ್ಕ ದಾಖಲೆಗಳಿಂದ. ಬೇಕಾ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ನನ್ನ 46 ನಿಮಿಷ

ಈಗ ನನ್ನ ಕಥೆ. ನಮ್ಮ ಅಪ್ಪ ಗದಗ ಕಡೆಯವರು, ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. 2023ರಲ್ಲಿ ತೀರಿಕೊಂಡರು. ನಾನು ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಟ್ರಾನ್ಸ್-ಹಾರ್ಬರ್ ಹಿಡಿದು ಐರೋಲಿಗೆ ಹೋಗಿ ಬರೋ ಮನುಷ್ಯ. ಅಪ್ಪ ಟೈಪ್ ಮಾಡ್ತಿರಲಿಲ್ಲ, ವಾಟ್ಸಾಪ್‌ನಲ್ಲಿ ದನಿ ಕಳಿಸ್ತಿದ್ದರು. ಅವರು ಹೋದ ಮೇಲೆ ಎಣಿಸಿದೆ: 212 ವಾಯ್ಸ್ ನೋಟ್, ಒಟ್ಟು 46 ನಿಮಿಷ, ಐದೂವರೆ ಎಂಬಿ.

ಅದರಲ್ಲಿ ಅರ್ಧ ಒಂದೇ ವಿಷಯ. “ಲೋಕಲ್ ಬಾಗಲದಾಗ ನಿಂದ್ರಬ್ಯಾಡ. ಒಳಗ ಹೋಗಿ ನಿಂದ್ರು.” ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡೋರನ್ನ ಒಳಗೆ ತಳ್ಳಿದವರಲ್ವಾ. ಅವರು ಒಂದು ಸಲ ಬಂದಾಗ ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿ ಸ್ಟೇಷನ್ ನೋಡಿ ಗಾಬರಿಯಾಗಿದ್ದರು. ಅವರ ಗಾಬರಿ ಸುಳ್ಳಲ್ಲ. 2025ರ ಜೂನ್ 9ಕ್ಕೆ ಮುಂಬ್ರಾ ಹತ್ತಿರ ತುಂಬಿದ ಲೋಕಲ್‌ಗಳಿಂದ ಜನ ಕೆಳಗೆ ಬಿದ್ದು ಸತ್ತ ಸುದ್ದಿ ನೀವೂ ಓದಿರ್ತೀರಿ, ನಾನು ದಿನಾ ದಾಟೋ ಜಾಗ ಅದು.

ಆ ಸುದ್ದಿ ಬಂದ ವಾರ ಅಪ್ಪನ ಹಳೇ ನೋಟುಗಳನ್ನು ಕೇಳ್ತಾ ಕೂತೆ. ಆಗಲೇ ಆ ಯೋಚನೆ ಬಂತು. ನನ್ನ ಮಗಳಿಗೆ ಆರು ವರ್ಷ. ಹೊರಗೆ ಮರಾಠಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್, ನನ್ನ ಜೊತೆ ಅರ್ಧಂಬರ್ಧ ಕನ್ನಡ. ಅಜ್ಜನ ದನಿಯಲ್ಲಿ ಅವಳಿಗೆ ಕಥೆ ಹೇಳಿಸಿದರೆ ಹೇಗೆ?

ತಾಂತ್ರಿಕವಾಗಿ ಕಷ್ಟ ಆಗಲಿಲ್ಲ. ದನಿಯನ್ನು ಬರಹ ಮಾಡೋ ಸಾಫ್ಟ್‌ವೇರ್ ಮಾತ್ರ ನಮ್ಮ ಭಾಷೆಗೆ ಸೋತಿತು. ‘ನಿಂದ್ರಬ್ಯಾಡ’ ಅಂದರೆ ‘ನಿಲ್ಲಬೇಡ’ ಅಂತಲೋ, ಅರ್ಥವಿಲ್ಲದ ಇನ್ನೇನೋ ಬರೀತಿತ್ತು. 46 ನಿಮಿಷವನ್ನೂ ಕೂತು ಕೈಯಾರೆ ಬರೆದೆ. ದನಿ ಮಾಡೆಲ್‌ಗೆ ಆಡಿಯೋ, ಭಾಷಾ ಮಾಡೆಲ್‌ಗೆ ಆ ಬರಹ ಕೊಟ್ಟೆ. ಎರಡನೇ ಭಾನುವಾರ ರಾತ್ರಿ ಟೈಪ್ ಮಾಡಿದೆ: “ಅಪ್ಪಾ, ಹೆಂಗದೀರಿ?”

ಅಪ್ಪನ ದನಿ ಬಂತು. “ನಾ ಆರಾಮ ಅದೀನಿ. ನೀ ಕಾಳಜಿ ಮಾಡಬ್ಯಾಡ. ಊಟ ಆತೇನ?”

ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಆಮೇಲೆ ಬೇರೆ ಬೇರೆ ಥರ ಕೇಳಿದೆ. ಎದೆ ನೋವು ಐತೇನು? ಡಾಕ್ಟರ್ ಏನಂದ್ರು? ಹೇಗೆ ಕೇಳಿದರೂ ಸುತ್ತಿ ಬಳಸಿ ಒಂದೇ ಉತ್ತರ. ನಾ ಆರಾಮ ಅದೀನಿ.

ಆಗಲೇ ಬಗ್ ಎಲ್ಲಿದೆ ಅಂತ ಹೊಳೆದದ್ದು. ಮಾಡೆಲ್ ಸರಿಯಾಗೇ ಕೆಲಸ ಮಾಡ್ತಿತ್ತು, ಡೇಟಾ ಹಾಗಿತ್ತು. ಅಪ್ಪನಿಗೆ ಎದೆ ನೋವು ಶುರುವಾಗಿ ಎಂಟು ತಿಂಗಳಾಗಿತ್ತು ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಅಷ್ಟೂ ತಿಂಗಳು ವಾರಕ್ಕೆ ಎರಡು ಸಲ ನನಗೆ ‘ಆರಾಮ ಅದೀನಿ’ ಅಂತ ಕಳಿಸ್ತಿದ್ದರು. ಮಗ ಮುಂಬಯಿಯಲ್ಲಿದ್ದಾನೆ, ರಜೆ ಸಿಗಲ್ಲ, ಯಾಕೆ ತ್ರಾಸು ಕೊಡೋದು ಅಂತ. ಆ 46 ನಿಮಿಷದಲ್ಲಿ ಇರೋದು ಅಪ್ಪ ಅಲ್ಲ, ದೂರದ ಮಗನಿಗೆ ಎಷ್ಟು ಹೇಳಬೇಕು ಅಂತ ಅಪ್ಪ ಆರಿಸಿದ್ದು. ಅದನ್ನೇ ಕಲಿಸಿದರೆ ಯಂತ್ರ ಅದೇ ಮಾತನ್ನು ಎಷ್ಟು ವರ್ಷ ಬೇಕಾದರೂ ಹೇಳುತ್ತೆ.

ನಮ್ಮೆಲ್ಲರ ಮನೆಯಲ್ಲೂ ಇದೇ ಕಥೆ. ಊರು ಬಿಟ್ಟು ಬಂದವರ ಫೋನ್‌ಗಳಲ್ಲಿ ಎರಡೂ ಕಡೆ ಇರೋದು ‘ಆರಾಮ’ ಅನ್ನೋ ಡೇಟಾ. ನಾನೂ ಲೇಆಫ್ ಪಟ್ಟಿಯ ಭಯದಲ್ಲಿದ್ದ ತಿಂಗಳು ಅಪ್ಪನಿಗೆ ‘ಕೆಲಸ ಚೊಲೋ ನಡದೈತಿ’ ಅಂತಲೇ ಕಳಿಸಿದ್ದೆ. ಡೇನಿಯಲ್‌ಗೂ ಅಷ್ಟೇ: ಶಾಲೆಯ ಅಂಕ, ಅಂಗಡಿ ಬಿಲ್ಲು ಎಲ್ಲಾ ಅವನ ಕೈಗೆ ಸಿಗುತ್ತಿತ್ತು. ಮಗಳು ಯಾವ ದೇವರನ್ನು ನಂಬ್ತಾಳೆ, ಯಾಕೆ ಮನೆ ಬಿಡ್ತಿದ್ದಾಳೆ ಅನ್ನೋದು ಮಾತ್ರ ಅವಳು ಸತ್ತ ಮೇಲೆ ತಿಳಿಯಿತು.

ಅವ್ವ ಈಗ ನಮ್ಮ ಜೊತೆಗೇ ಇದ್ದಾರೆ. ಒಂದು ವಾರ ಬಿಟ್ಟು ಅವರಿಗೆ ಕೇಳಿಸಿದೆ. ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರು: “ಇದನ್ನ ಅವರು ಹೇಳ್ಯಾರೋ, ನೀ ಹೇಳಿಸಿದ್ಯೋ?”

ನಾ ಹೇಳಿಸಿದ್ದು ಅಂದೆ. “ಹಂಗಾರ ಬ್ಯಾಡ ತಗಿ” ಅಂದರು. ಸಿಟ್ಟೇನಿರಲಿಲ್ಲ, ಆಮೇಲೆ ಫೋನ್ ಇಸಗೊಂಡು ಹಳೇ ಅಸಲಿ ನೋಟು ಹಾಕಿಸಿಕೊಂಡು ಕೇಳಿದರು.

ಯಾರ ಒಪ್ಪಿಗೆ?

ಅವ್ವ ಕೇಳಿದ್ದೇ ಈಗ ಕೋರ್ಟು, ಕಾಯ್ದೆಗಳ ಪ್ರಶ್ನೆ. 2024ರ ಶುರುವಿನಲ್ಲಿ ನಮ್ಮ ದೇಶದಲ್ಲೇ ಎರಡು ಪ್ರಸಂಗ ಬಂದವು. ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ತಮಿಳು ಚಿತ್ರದ ಹಾಡಿಗೆ ತೀರಿಹೋದ ಗಾಯಕರಾದ ಬಂಬಾ ಬಾಕ್ಯ, ಶಾಹುಲ್ ಹಮೀದ್ ಅವರ ದನಿಯನ್ನು ಎಐನಿಂದ ತಂದರು, ಮನೆಯವರ ಒಪ್ಪಿಗೆ ಪಡೆದು ಹಣ ಕೊಟ್ಟಿದ್ದೇವೆ ಅಂತ ಹೇಳಿದರು. ಅದೇ ಸುಮಾರಿಗೆ, ‘ಕೀಡಾ ಕೋಲಾ’ ಅನ್ನೋ ತೆಲುಗು ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೇ ಎಐನಿಂದ ಬಳಸಿದ್ದಾರೆ ಅಂತ ಅವರ ಮಗ ಚರಣ್ ಲೀಗಲ್ ನೋಟಿಸ್ ಕಳಿಸಿದರು. ತಂತ್ರಜ್ಞಾನ ಎರಡೂ ಕಡೆ ಒಂದೇ. ಒಂದು ಕಡೆ ಕೇಳಿದ್ದರು, ಇನ್ನೊಂದು ಕಡೆ ಕೇಳಿಲ್ಲ ಅನ್ನೋದೇ ದೂರು.

2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ನಾವು ಸತ್ತ ಮೇಲೆ ನಮ್ಮ ಡೇಟಾದ ಹಕ್ಕು ಚಲಾಯಿಸೋಕೆ ಒಬ್ಬ ನಾಮಿನಿಯನ್ನು ಹೆಸರಿಸಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರ್ತಿದೆ. ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್, ಆ್ಯಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತ ಈಗಾಗಲೇ ಇವೆ. ಪಿಎಫ್‌ಗೆ ನಾಮಿನಿ ಹಾಕೋ ನಾವು ಇದನ್ನು ಹಾಕಿರಲ್ಲ. ಹತ್ತು ನಿಮಿಷದ ಕೆಲಸ, ಇವತ್ತೇ ಮಾಡಿ.

ಆಡಮ್ಸ್ ಅಲ್ಲ, ಅಡಾಮಾ

ಎಪಿಸೋಡ್‌ನ ಕೊನೆಗೆ ಇಬ್ಬರು ಅಪ್ಪಂದಿರೂ ಬೇರೆ ಬೇರೆ ದಾರಿ ಹಿಡೀತಾರೆ. ಡೇನಿಯಲ್ ಕದ್ದ ಪ್ರೊಸೆಸರ್ ಹಾಕಿ ಮಗಳ ನಕಲನ್ನು ರೋಬೋಗೆ ಇಳಿಸ್ತಾನೆ. ಅದು ಒಂದು ಕ್ಷಣ ಎಚ್ಚರಾಗಿ ಕುಸಿದು ಬೀಳುತ್ತೆ. ಎಲ್ಲಾ ಅಳಿಸಿಹೋಯಿತು ಅಂದುಕೊಳ್ತಾನೆ. ಆದರೆ ಅದೇ ರೋಬೋ ಸೈನ್ಯದವರ ಮುಂದಿನ ಡೆಮೋದಲ್ಲಿ ಅದ್ಭುತವಾಗಿ ಗುರಿ ಹೊಡೆಯುತ್ತೆ. ಆಮೇಲೆ ಯಾರೂ ಇಲ್ಲದ ಹೊತ್ತಲ್ಲಿ ತಾನೇ ಎದ್ದು ಲೇಸಿಗೆ ಫೋನ್ ಮಾಡುತ್ತೆ. ಒಳಗೆ ಜೋಯಿ ಇದ್ದಾಳೆ. ಯಾಕೆ ಓಡ್ತಿದೆ ಅಂತ ಕಟ್ಟಿದವನಿಗೇ ಗೊತ್ತಿಲ್ಲದ ಸಿಸ್ಟಮ್ ಕೈಗೆ ಬಂದೂಕು ಕೊಟ್ಟ ಹಾಗಾಯಿತು. 58 ವರ್ಷ ಆದ ಮೇಲಿನದು ನಮಗೆ ಗೊತ್ತೇ ಇದೆ, ಪ್ರೀಕ್ವೆಲ್ ಅಲ್ವಾ.

ಜೋಸೆಫ್ ಏನು ಮಾಡ್ತಾನೆ? ಮಗ ವಿಲಿಯಂನನ್ನು ಕೂರಿಸಿಕೊಂಡು, ನಮ್ಮ ನಿಜವಾದ ಮನೆತನದ ಹೆಸರು ಆಡಮ್ಸ್ ಅಲ್ಲ, ಅಡಾಮಾ ಅಂತ ಹೇಳ್ತಾನೆ. ಕ್ಯಾಪ್ರಿಕಾದಲ್ಲಿ ಬದುಕೋಕೆ ಕತ್ತರಿಸಿಕೊಂಡಿದ್ದ ಹೆಸರು ಅದು. ಹುಡುಗನ ಹಿರಿಯರು ಎಲ್ಲಿಯವರು, ಏನಾದರು ಅಂತ ಮೊದಲ ಸಲ ಹೇಳ್ತಾನೆ. ಗ್ಯಾಲಕ್ಟಿಕಾ ನೋಡಿದವರಿಗೆ ಆ ಹೆಸರು ಕಿವಿಗೆ ಬಿದ್ದಾಗ ಮೈ ಜುಮ್ ಅನ್ನುತ್ತೆ. ನನಗೆ ಬೇರೆ ಕಾರಣಕ್ಕೆ ಅನ್ನಿಸಿತು. ಸತ್ತ ಮಗಳನ್ನು ತರೋ ಆಸೆಯಲ್ಲಿ ಅವನು ಬದುಕಿರೋ ಮಗನನ್ನು ಮರೆತಿದ್ದ. ಆ ರಾತ್ರಿ ಅವನಿಗೆ ಕೊಟ್ಟದ್ದು ಬಾಯಿಮಾತು, ಯಾವ ಸರ್ವರ್‌ನಲ್ಲೂ ಇರದ್ದು.

ಎಪಿಸೋಡ್ ದೋಷವಿಲ್ಲದ್ದು ಅಂತ ನಾನು ಹೇಳಲ್ಲ. ಮಾಫಿಯಾ, ಸೈನ್ಯದ ಗುತ್ತಿಗೆ, ಗುಪ್ತ ಧರ್ಮ ಎಲ್ಲಾ ಒಟ್ಟಿಗೆ ತುರುಕಿದ್ದಾರೆ, ನಡುವೆ ಉಸಿರು ಕಟ್ಟುತ್ತೆ. ಆದರೂ ಎಐ ಬಗ್ಗೆ ನೋಡಿದ ಕಥೆಗಳಲ್ಲಿ, ‘ಯಂತ್ರಕ್ಕೆ ಆತ್ಮ ಇದೆಯಾ’ ಅನ್ನೋದಕ್ಕಿಂತ ‘ನಾವು ಯಾರಿಗಾಗಿ ಇದನ್ನು ಕಟ್ಟುತ್ತಿದ್ದೇವೆ’ ಅಂತ ಇಷ್ಟು ನೇರವಾಗಿ ಕೇಳಿದ್ದು ನನಗೆ ಇನ್ನೊಂದು ಸಿಕ್ಕಿಲ್ಲ.

ನಾನು ಮಾಡಿದ್ದು ಇಷ್ಟು. ಮಾಡೆಲ್ ಹುಟ್ಟಿಸಿದ ಆಡಿಯೋ ಎಲ್ಲಾ ಅಳಿಸಿದೆ. ಭಾವನೆಗಿಂತ ಹೆಚ್ಚಾಗಿ ಒಂದು ಸರಳ ಕಾರಣ: ಐದು ವರ್ಷ ಆದ ಮೇಲೆ ಯಾವುದು ಅಪ್ಪ ಹೇಳಿದ್ದು, ಯಾವುದು ನಾನು ಹೇಳಿಸಿದ್ದು ಅಂತ ನನ್ನ ಮಗಳಿಗೆ ಗೊತ್ತಾಗಲ್ಲ. ಅಸಲಿ 212 ನೋಟುಗಳನ್ನು ದಿನಾಂಕದ ಹೆಸರಲ್ಲಿ ಎರಡು ಕಡೆ ಬ್ಯಾಕಪ್ ಮಾಡಿದೆ. ನೀವು ಅಳಿಸಲೇಬೇಕು ಅಂತ ನಾನು ಹೇಳಲ್ಲ, ಇಟ್ಟುಕೊಂಡರೆ ‘ಇದು ಯಂತ್ರದ್ದು’ ಅಂತ ಫೈಲಿನ ಹೆಸರಲ್ಲೇ ಬರೆದಿಡಿ.

ಇನ್ನೊಂದು, ಅವ್ವನ ಜೊತೆ ವಾರಕ್ಕೊಂದು ಸಲ ಫೋನ್ ರೆಕಾರ್ಡರ್ ಇಟ್ಟು ಕೂರ್ತೀನಿ, ಅವರನ್ನು ಕೇಳಿಯೇ. ‘ಆರಾಮ ಅದೀಯಾ’ ಅಂತ ಕೇಳಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಏನು ಕಷ್ಟ ಆಯಿತು, ಅಪ್ಪ ಯಾವುದಕ್ಕೆ ಹೆದರ್ತಿದ್ದರು ಅಂತ ಕೇಳ್ತೀನಿ. ಬರೋ ಉತ್ತರಗಳು ಆ 46 ನಿಮಿಷದಲ್ಲಿ ಎಲ್ಲೂ ಇಲ್ಲ. ಮಗಳೂ ಪಕ್ಕದಲ್ಲಿ ಕೂರ್ತಾಳೆ. ಹೋದ ವಾರ ಅವಳಿಗೆ ನಮ್ಮ ಅಡ್ಡಹೆಸರಿನ ಕೊನೆಯಲ್ಲಿರೋ ‘ಮನಿ’ ಅಂದರೆ ಏನಂತ ಹೇಳಿದೆ. ಆಫೀಸಿನಲ್ಲಿ ಅದನ್ನ ದುಡ್ಡು ಅಂತ ತಮಾಷೆ ಮಾಡ್ತಾರೆ, ಅವಳೂ ಹಾಗೇ ಅಂದುಕೊಂಡಿದ್ದಳು. ಮನಿ ಅಂದರೆ ಮನೆ ಅಂದೆ. “ಯಾವ ಮನೆ, ಡೊಂಬಿವಲಿದಾ?” ಅಂದಳು. ಅವ್ವ ಗದಗಿನ ಮನೆಯ ಕಥೆ ಶುರು ಮಾಡಿದರು.

ನಿಮ್ಮ ಫೋನಿನಲ್ಲೂ ಇಂಥ ವಾಯ್ಸ್ ನೋಟ್ ಇರಬಹುದು. ಮೊದಲು ವಾಟ್ಸಾಪ್‌ನ ಎಕ್ಸ್‌ಪೋರ್ಟ್ ಚಾಟ್‌ನಿಂದ ಮೀಡಿಯಾ ಸಮೇತ ತೆಗೆದಿಟ್ಟುಕೊಳ್ಳಿ. ಕಳಿಸಿದವರು ಬದುಕಿದ್ದರೆ ಈ ರಾತ್ರಿ ಫೋನ್ ಮಾಡಿ, ‘ಆರಾಮ’ ಅಂದ ಮೇಲೂ ಇನ್ನೊಂದು ಸಲ ಕೇಳಿ. ಮುಂದಿನ ವಾರ ಸಿಗೋಣ. ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ ನಿಲ್ಲಿ.